ಕಂಚಿನ ಹನ್ನೆರಡು ಪಾದಗಳು

ಶಿಲ್ಪದ ಬಗ್ಗೆ ಬಾನುಲಿಯಲ್ಲಿ ಮಾತಾಡುವಾಗ ಚಿತ್ರ ತೋರಿಸಲು ಬರುವುದಿಲ್ಲ. ಆದ್ದರಿಂದ ಮೊದಲಿಗೇ ನಿಮ್ಮಿಂದ ಒಂದು ಸಹಾಯ ಕೇಳುತ್ತೇನೆ. ಕೂತಿದ್ದರೆ ಎದ್ದು ನಿಲ್ಲಿ. ಸಾಧ್ಯವಾದರೆ ಚಪ್ಪಲಿ ಬಿಟ್ಟು, ಎರಡೂ ಪಾದಗಳನ್ನು ಪೂರ್ತಿಯಾಗಿ ನೆಲಕ್ಕೆ ಊರಿ. ಹೋಗಲೇಬೇಕಾದ, ಆದರೆ ಹೋದರೆ ಹಿಂದಿರುಗಿ ಬರಲಾಗದ ಜಾಗವೊಂದಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಮೈ ಮುಂದಕ್ಕೆ ವಾಲಲಿ, ಹಿಮ್ಮಡಿ ಮಾತ್ರ ಏಳದಿರಲಿ. ಈಗ ಭಾರ ಎಲ್ಲಿ ಕೂತಿದೆ ನೋಡಿ. ಕೆಲವರಿಗೆ ಮೊಣಕಾಲಿನಲ್ಲಿ, ಕೆಲವರಿಗೆ ಕತ್ತಿನ ಹಿಂಭಾಗದಲ್ಲಿ, ಇನ್ನು ಕೆಲವರಿಗೆ ಹೆಗಲು ಕುಸಿದು ಬೆರಳ ತುದಿಯ ತನಕ ಇಳಿದಿರುತ್ತದೆ. ನಾನಿವತ್ತು ಹೇಳಹೊರಟಿರುವ ಕಂಚಿನ ಶಿಲ್ಪವನ್ನು ಕಣ್ಣಿಗಿಂತ ಮೊದಲು ಹೀಗೆ ಮೈಯಿಂದಲೇ ಅರಿಯಬೇಕು.

ಶಿಲ್ಪದ ಹೆಸರು ‘ಕ್ಯಾಲೆಯ ಪುರಪ್ರಮುಖರು’. ಮಾಡಿದವನು ಫ್ರಾನ್ಸಿನ ಓಗುಸ್ತ್ ರೋದ್ಯಾ. ಕ್ಯಾಲೆ ಎಂಬುದು ಫ್ರಾನ್ಸಿನ ಉತ್ತರದ ಅಂಚಿನಲ್ಲಿ, ಇಂಗ್ಲೆಂಡಿಗೆ ಎದುರಾಗಿ, ಕಡಲ ದಂಡೆಯ ಮೇಲಿರುವ ಊರು. 1346ರಲ್ಲಿ ಫ್ರೆಂಚರ ಮೇಲೆ ಕ್ರೆಸಿಯ ಕಾಳಗ ಗೆದ್ದ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡ್ ನೇರವಾಗಿ ಬಂದು ಈ ಊರಿಗೆ ಮುತ್ತಿಗೆ ಹಾಕಿದ. ಊರು ಸುಮಾರು ಹನ್ನೊಂದು ತಿಂಗಳು ತಡೆದುಕೊಂಡಿತು. ಕಾಳುಕಡ್ಡಿ ತೀರಿತು. ಬಿಡಿಸಲು ಬಂದ ಫ್ರಾನ್ಸಿನ ದೊರೆ ಕಾದಾಡದೆಯೇ ಹಿಂದಿರುಗಿಬಿಟ್ಟ. 1347ರ ಆಗಸ್ಟಿನಲ್ಲಿ ಊರು ಶರಣಾಯಿತು. ಅಂದಿನ ಚರಿತ್ರೆ ಬರೆದ ಫ್ರ್ವಾಸಾರ್ ಹೇಳುವಂತೆ ಎಡ್ವರ್ಡ್ ಒಂದು ಷರತ್ತು ಹಾಕಿದ. ಊರಿನ ಆರು ಜನ ಪ್ರಮುಖರು ಬರಿತಲೆಯಲ್ಲಿ, ಬರಿಗಾಲಲ್ಲಿ, ಕೊರಳಿಗೆ ನೇಣಿನ ಹಗ್ಗ ಹಾಕಿಕೊಂಡು, ಕೋಟೆಯ ಬೀಗದ ಕೈ ಹಿಡಿದು ತನ್ನ ಬಿಡಾರಕ್ಕೆ ನಡೆದು ಬರಬೇಕು. ಉಳಿದವರನ್ನು ಬಿಡುತ್ತೇನೆ ಎಂದ. ಗಂಟೆ ಬಾರಿಸಿ ಊರವರನ್ನೆಲ್ಲ ಸೇರಿಸಿ ವಿಷಯ ಹೇಳಿದಾಗ ಅಳು ಎದ್ದಿತು. ಆಗ ಎಲ್ಲರಿಗಿಂತ ಮೊದಲು ಎದ್ದು ನಿಂತವನು ಊರಿನ ಬಲು ದೊಡ್ಡ ಸಿರಿವಂತ, ಯೂಸ್ತಾಶ್ ದ ಸಾನ್ ಪಿಯೇರ್. ಅವನ ಹಿಂದೆ ಇನ್ನೈವರು. ಎಡ್ವರ್ಡನ ರಾಣಿ ಫಿಲಿಪ್ಪಾ, ತುಂಬು ಬಸುರಿ, ಗಂಡನ ಕಾಲಿಗೆ ಬಿದ್ದು ಬೇಡಿಕೊಂಡದ್ದರಿಂದ ಆರು ಜನರ ಜೀವ ಉಳಿಯಿತು.

ಕಥೆಯ ಕೊನೆ ಸುಖದ್ದು. ರೋದ್ಯಾ ಆ ಕೊನೆಯನ್ನು ಮುಟ್ಟಲೇ ಇಲ್ಲ. ರಾಣಿ ಇಲ್ಲ, ದೊರೆ ಇಲ್ಲ, ವಧಕಾರ ಇಲ್ಲ. ಬದುಕಿ ಉಳಿಯುತ್ತೇವೆ ಎಂಬುದು ಶಿಲ್ಪದಲ್ಲಿರುವ ಆರು ಜನರಿಗೆ ಗೊತ್ತಿಲ್ಲ. ನಿರ್ಧಾರ ಆಗಿದೆ, ನಡಿಗೆ ಇನ್ನೂ ಸಾಗಿಲ್ಲ. ಆ ನಡುವಿನ ಗಳಿಗೆಯನ್ನು ಅವನು ಆಯ್ದುಕೊಂಡ. ಒಪ್ಪಿಕೊಳ್ಳುವ ಮಾತು ಬಾಯಿಂದ ಬಂದಾಗಿದೆ, ಮೈ ಒಪ್ಪುವುದು ಬಾಕಿಯಿದೆ. ಧೈರ್ಯದ ಬಗ್ಗೆ ಇಷ್ಟು ಸತ್ಯವಾಗಿ ಹೇಳಿದ ಸಾರ್ವಜನಿಕ ಶಿಲ್ಪವನ್ನು ನಾನು ಬೇರೆ ಕಂಡಿಲ್ಲ. ಅದನ್ನು ಅವನು ಹೇಳುವುದು ಮುಖಭಾವದಿಂದಲ್ಲ. ಬೆರಳು, ಪಾದ, ಹಗ್ಗದ ತುದಿ, ಬಟ್ಟೆಯ ನೆರಿಗೆ, ಒಬ್ಬನಿಗೂ ಇನ್ನೊಬ್ಬನಿಗೂ ನಡುವೆ ಉಳಿಸಿದ ಖಾಲಿ ಜಾಗ, ಇವುಗಳಿಂದ. ಒಂದೊಂದನ್ನೇ ನೋಡುತ್ತ ಹೋಗೋಣ.

ಎಲ್ಲರ ನಡುವೆ ಯೂಸ್ತಾಶ್ ಇದ್ದಾನೆ. ವಯಸ್ಸಾದವನು, ಗಡ್ಡಧಾರಿ, ತಲೆ ಬಾಗಿದೆ. ಅವನ ಕೈಗಳನ್ನು ನೋಡಿ. ಅಳತೆಗೆ ಮೀರಿ ದೊಡ್ಡವು. ಗೆಣ್ಣುಗಳು ಊದಿಕೊಂಡು ಬೆರಳುಗಳು ಸಡಿಲವಾಗಿ ಕೆಳಕ್ಕೆ ಜೋತಿವೆ. ಏನನ್ನೂ ಹಿಡಿದಿಲ್ಲ, ಯಾರನ್ನೂ ತಡೆಯುತ್ತಿಲ್ಲ. ಇಡೀ ಬಾಳು ಲೆಕ್ಕ ಬರೆದ, ಸರಕು ಮುಟ್ಟಿದ, ಹಣ ಎಣಿಸಿದ ವರ್ತಕನ ಕೈಗಳಿಗೆ ಈಗ ಮಾಡಲು ಕೆಲಸವಿಲ್ಲ. ಮೈಮೇಲಿನ ನಿಲುವಂಗಿಯ ನೆರಿಗೆಗಳು ನೇರವಾಗಿ, ದಪ್ಪವಾಗಿ ನೆಲದತ್ತ ಇಳಿಯುತ್ತವೆ. ಇಷ್ಟು ಜೋತುಬಿದ್ದ ಮೈಯಾದರೂ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಹೊರಟಿರುವವನು ಅವನೇ ಎಂದು ನೋಡುವವರಿಗೆ ಗೊತ್ತಾಗುತ್ತದೆ. ಬಾಗಿದ ತಲೆಯಲ್ಲಿ ಸೋಲು ಕಾಣುವುದಿಲ್ಲ. ಅವನು ದಾರಿ ನೋಡಿಕೊಳ್ಳುತ್ತಿದ್ದಾನೆ, ಅಷ್ಟೆ.

ಅವನ ಪಕ್ಕದಲ್ಲಿ ಝಾನ್ ದೇರ್. ಇವನು ಬಾಗಿಲ್ಲ. ಕಂಬದಂತೆ ನಿಂತಿದ್ದಾನೆ, ತುಟಿ ಬಿಗಿದಿದೆ, ದವಡೆಯ ಮೂಳೆ ಚರ್ಮದ ಕೆಳಗಿಂದ ಎದ್ದು ಕಾಣುತ್ತದೆ. ಎರಡೂ ಕೈಯಲ್ಲಿ ಊರಿನ ಬೀಗದ ಕೈ ಹಿಡಿದಿದ್ದಾನೆ. ಬಲು ದೊಡ್ಡ ಬೀಗದ ಕೈ ಅದು. ಒಪ್ಪಿಸಲು ತಂದದ್ದನ್ನು ಕಿತ್ತುಕೊಳ್ಳಬಾರದೆಂಬ ಹಾಗೆ ಹಿಡಿದಿದ್ದಾನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅವನು ಕೊಡಲು ಹೊರಟಿದ್ದಾನೆ, ಆದರೆ ಅವನ ಬೆರಳುಗಳಿಗೆ ಬಿಡಲು ಮನಸ್ಸಿಲ್ಲ. ಇಡೀ ಮುತ್ತಿಗೆಯ ಹನ್ನೊಂದು ತಿಂಗಳು ಆ ಬೆರಳುಗಳ ಬಿಗಿಯಲ್ಲಿದೆ. ಈಗ ಕೆಳಗೆ ನೋಡಿ. ಎರಡೂ ಪಾದಗಳು ನೆಲಕ್ಕೆ ಪೂರ್ತಿ ಅಂಟಿವೆ. ನಡೆಯುವ ಮನುಷ್ಯನನ್ನು ಎರಡೂ ಪಾದ ಊರಿಸಿಯೇ ತೋರಿಸುವುದನ್ನು ರೋದ್ಯಾ ಮೊದಲೇ, ತನ್ನ ‘ಸಂತ ಯೋಹಾನ’ ಶಿಲ್ಪದಲ್ಲಿ ಮಾಡಿದ್ದ. ಛಾಯಾಚಿತ್ರ ತೆಗೆದರೆ ನಡೆಯುವವನ ಒಂದು ಕಾಲು ಗಾಳಿಯಲ್ಲಿರುತ್ತದೆ. ಆದರೆ ನಡಿಗೆಯ ಅನುಭವ ಒಂದು ಕ್ಷಣದ್ದಲ್ಲ, ಹಿಂದಿನ ಕ್ಷಣವೂ ಮುಂದಿನ ಕ್ಷಣವೂ ಅದರಲ್ಲಿ ಸೇರಿರುತ್ತವೆ. ಝಾನ್ ದೇರನ ಪಾದಗಳಲ್ಲಂತೂ ನೆಲವೇ ಅವನನ್ನು ಹಿಡಿದುಕೊಂಡಿದೆ. ಅದು ಅವನ ಊರಿನ ನೆಲ.

ಇನ್ನಿಬ್ಬರು ಅಣ್ಣತಮ್ಮಂದಿರು, ಝಾಕ್ ಮತ್ತು ಪಿಯೇರ್ ದ ವಿಸಾಂ. ಪಿಯೇರನ ಮೈ ತಿರುಚಿಕೊಂಡಿದೆ. ಕಾಲು ಒಂದು ಕಡೆಗೆ, ಎದೆ ಇನ್ನೊಂದು ಕಡೆಗೆ, ತಲೆ ಇನ್ನೂ ಬೇರೆ ಕಡೆಗೆ. ಬಲಗೈ ಮೊಣಕೈಯಲ್ಲಿ ಮಡಿದು ಮುಖದ ಎತ್ತರಕ್ಕೆ ಎದ್ದಿದೆ, ಬೆರಳುಗಳು ಬಿಚ್ಚಿವೆ. ಏನನ್ನು ಹೇಳುತ್ತಿದೆ ಆ ಕೈ? ಬೀಳ್ಕೊಡುತ್ತಿದೆಯೆ? ‘ಏಕೆ?’ ಎಂದು ಕೇಳುತ್ತಿದೆಯೆ? ‘ಆಯಿತು, ಬಿಡು’ ಎನ್ನುತ್ತಿದೆಯೆ? ನಮ್ಮ ನಾಟ್ಯದ ಹಸ್ತಗಳಿಗೆ ಒಂದೊಂದಕ್ಕೂ ಹೆಸರಿದೆ, ವಿನಿಯೋಗವಿದೆ. ಈ ಹಸ್ತಕ್ಕೆ ಅಂಥ ಹೆಸರಿಲ್ಲ. ಮಾತು ಹುಟ್ಟುವುದಕ್ಕೆ ಮೊದಲೇ ಎದ್ದ ಕೈ ಇದು. ಅವನ ಕಣ್ಣು ಅರ್ಧ ಮುಚ್ಚಿದೆ, ಬಾಯಿ ಅರ್ಧ ತೆರೆದಿದೆ. ಅಣ್ಣತಮ್ಮಂದಿರಲ್ಲಿ ಇನ್ನೊಬ್ಬನಾದ ಝಾಕ್ ಕೂಡ ಕೈ ಎತ್ತಿದ್ದಾನೆ, ಆದರೆ ಅದು ಕಣ್ಣೆದುರಿನ ಕೆಟ್ಟ ನೋಟವನ್ನು ಸರಿಸುವ ಕೈ. ಇಬ್ಬರ ಕೈಗಳನ್ನು ಒಟ್ಟಿಗೆ ನೋಡಿದರೆ, ಒಂದೇ ಮನೆಯಲ್ಲಿ ಬೆಳೆದವರು ಒಂದೇ ಭಯಕ್ಕೆ ಕೊಟ್ಟ ಬೇರೆ ಬೇರೆ ಉತ್ತರ ಕಾಣುತ್ತದೆ.

ಗುಂಪಿನ ಇನ್ನೊಂದು ಕಡೆಗೆ ಬನ್ನಿ. ಬಹಳ ಮಂದಿ ಈ ಕಡೆಗೆ ಬರುವುದೇ ಇಲ್ಲ. ಇಲ್ಲಿ ಆಂದ್ರಿಯೂ ದಾಂದ್ರ್ ಎರಡೂ ಕೈಯಿಂದ ತಲೆ ಹಿಡಿದು ಬಾಗಿ ನಿಂತಿದ್ದಾನೆ. ಅವನ ಮುಖ ಕಾಣಬೇಕಾದರೆ ನಾವೇ ಬಗ್ಗಬೇಕು. ಶಿಲ್ಪಿ ನಮ್ಮನ್ನೂ ಅವನ ಹಾಗೆ ಬಾಗಿಸುತ್ತಾನೆ. ಅವನಿಗೆ ಯಾರ ಸಮಾಧಾನವೂ ಬೇಡ. ಪಕ್ಕದವನು ಅವನನ್ನು ಮುಟ್ಟುವುದೂ ಇಲ್ಲ. ಕೊನೆಯವನು ಝಾನ್ ದ ಫಿಯೆನ್, ಎಲ್ಲರಲ್ಲಿ ಕಿರಿಯ. ಎರಡೂ ತೋಳು ಅಗಲಿಸಿ, ಬಾಯಿ ತೆರೆದು, ತುಸು ಹಿಂದಕ್ಕೆ ತಿರುಗಿದ್ದಾನೆ. ಬಿಟ್ಟು ಬಂದ ಊರನ್ನು ನೋಡುತ್ತಿರಬಹುದು, ಬಾಗಿಲಲ್ಲಿ ನಿಂತ ಒಬ್ಬರನ್ನು ನೋಡುತ್ತಿರಬಹುದು. ಉಳಿದ ಐವರ ಮೈಯಲ್ಲಿ ಯೋಚನೆ ಇದೆ, ಇವನ ಮೈಯಲ್ಲಿ ಪ್ರಶ್ನೆ ಇದೆ. ಈ ಕೊನೆಯ ಇಬ್ಬರ ಹೆಸರು ಫ್ರ್ವಾಸಾರನ ಚರಿತ್ರೆಯಲ್ಲಿ ಇಲ್ಲ. ಅವನು ನಾಲ್ವರನ್ನು ಮಾತ್ರ ಹೆಸರಿಸಿದ್ದಾನೆ. ಇವರ ಹೆಸರು ಬಹಳ ಕಾಲದ ನಂತರ ಸಿಕ್ಕಿತು. ಚರಿತ್ರೆ ಮರೆತ ಇಬ್ಬರಿಗೂ ರೋದ್ಯಾ ಉಳಿದವರಷ್ಟೇ ಜಾಗ ಕೊಟ್ಟ, ಉಳಿದವರಷ್ಟೇ ಎತ್ತರ ಕೊಟ್ಟ.

ಎತ್ತರದ ಮಾತು ಬಂತಲ್ಲ, ಅದನ್ನೂ ಹೇಳಬೇಕು. 1884ರಲ್ಲಿ ಕ್ಯಾಲೆಯ ಮೇಯರ್ ಓಮೇರ್ ದೆವಾವ್ರ್ಯಾಂ ಈ ಸ್ಮಾರಕದ ವಿಚಾರವಾಗಿ ರೋದ್ಯಾನ ಬಳಿ ಹೋದಾಗ ಊರಿಗೆ ಬೇಕಾಗಿದ್ದದ್ದು ಯೂಸ್ತಾಶನೊಬ್ಬನ ಪ್ರತಿಮೆ. ರೋದ್ಯಾ ಒಬ್ಬನ ಬೆಲೆಗೆ ಆರು ಜನರನ್ನು ಮಾಡಿಕೊಡುತ್ತೇನೆಂದ. ಮರುವರ್ಷ ಮಾದರಿ ಕಳಿಸಿದಾಗ ಸಮಿತಿಯವರಿಗೆ ಅದು ರುಚಿಸಲಿಲ್ಲ. ನಮ್ಮ ವೀರರು ಹೀಗೆ ಕುಗ್ಗಿ ನಿಂತಾರೆಯೇ ಎಂದು ಅವರ ಆಕ್ಷೇಪ. ಆ ಕಾಲದ ಸ್ಮಾರಕಗಳಿಗೊಂದು ಕಟ್ಟು ಇತ್ತು: ನಾಯಕ ಮೇಲೆ, ಉಳಿದವರು ಕೆಳಗೆ, ಒಟ್ಟಾರೆ ಗೋಪುರದ ಆಕಾರ. ರೋದ್ಯಾನ ಗುಂಪಿನಲ್ಲಿ ಆರೂ ತಲೆಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಶಿಖರವಿಲ್ಲ, ಎದುರುಭಾಗವೂ ಇಲ್ಲ. ಎಲ್ಲಿ ನಿಂತು ನೋಡಿದರೂ ಯಾರೋ ಒಬ್ಬನ ಬೆನ್ನು ನಮ್ಮ ಕಡೆಗಿರುತ್ತದೆ. ಅವನು ಮಾದರಿಯನ್ನು ಬದಲಿಸಲಿಲ್ಲ. ಹಣದ ಮುಗ್ಗಟ್ಟಿನಿಂದ ಕೆಲಸ ವರ್ಷಗಟ್ಟಲೆ ಎಳೆಯಿತು. ಕಂಚಿನ ಗುಂಪು ಊರಿನಲ್ಲಿ ಅನಾವರಣಗೊಂಡದ್ದು 1895ರ ಜೂನ್ 3ರಂದು.

ಆ ವರ್ಷಗಳಲ್ಲಿ ಅವನು ಕೆಲಸ ಮಾಡಿದ ಬಗೆ ಗಮನಿಸುವಂಥದ್ದು. ಮೊದಲು ಪ್ರತಿಯೊಬ್ಬನನ್ನೂ ಬೆತ್ತಲೆಯಾಗಿ ಮಾಡಿದ. ಎಲುಬು, ಸ್ನಾಯು, ಹೊಟ್ಟೆಯ ಕುಸಿತ, ಎಲ್ಲವನ್ನೂ ಮಣ್ಣಿನಲ್ಲಿ ಮಾಡಿದ ಮೇಲೆ ಬಟ್ಟೆ ಹೊದಿಸಿದ. ಅದಕ್ಕೇ ಆ ನಿಲುವಂಗಿಗಳ ಒಳಗೆ ಮೈ ಇದೆ. ನೆರಿಗೆ ಮೊಣಕಾಲಿನ ಮೇಲೆ ಏಕೆ ಮುರಿಯುತ್ತದೆ, ಸೊಂಟದಲ್ಲಿ ಏಕೆ ಆಳವಾಗುತ್ತದೆ ಎಂಬುದಕ್ಕೆ ಒಳಗಿನ ಮೈ ಕಾರಣ ಕೊಡುತ್ತದೆ. ತಾನು ಮಾಡಿದ ತಲೆಗಳನ್ನೂ ಕೈಗಳನ್ನೂ ತುಸು ಬದಲಿಸಿ ಬೇರೆ ಮೈಗಳಿಗೂ ಕೂಡಿಸುತ್ತಿದ್ದ. ಇದನ್ನು ಕೇಳಿದವರು ಮುಖ ಸಿಂಡರಿಸಬಹುದು. ನನಗೆ ಮಾತ್ರ ಇದು ಅವನ ಧೈರ್ಯವಾಗಿ ಕಾಣುತ್ತದೆ: ಒಂದೇ ಮುಖ ಬೇರೆ ಕತ್ತಿನ ಮೇಲೆ ಕೂತು ಬೇರೆ ದಿಕ್ಕಿಗೆ ಬಾಗಿದಾಗ ಬೇರೆಯೇ ಮನುಷ್ಯನಾಗುತ್ತದೆ. ಭಾವ ಮುಖದಲ್ಲಿ ಮಾತ್ರ ಇರುತ್ತದೆ ಎಂದು ನಂಬಿದವನು ಹೀಗೆ ಮಾಡಲಾರ.

ಇನ್ನು ಕಂಚಿನ ಮಾತು. ಮಣ್ಣಿನಲ್ಲಿ ಆದದ್ದು ಪ್ಲಾಸ್ಟರಿಗೆ ಇಳಿಯುತ್ತದೆ, ಪ್ಲಾಸ್ಟರಿನಿಂದ ಅಚ್ಚು, ಅಚ್ಚಿಗೆ ಕರಗಿದ ಲೋಹ. ಇಷ್ಟು ದೊಡ್ಡ ಗುಂಪನ್ನು ಒಂದೇ ಸಲಕ್ಕೆ ಎರಕ ಹೊಯ್ಯುವುದಿಲ್ಲ. ಬಿಡಿಬಿಡಿಯಾಗಿ ಹೊಯ್ದು, ಬೆಸೆದು, ಬೆಸುಗೆಯ ಗೆರೆ ಕಾಣದಂತೆ ಅರೆಯುತ್ತಾರೆ. ಒಳಗೆ ಟೊಳ್ಳು. ಎರಕದ ವಿದ್ಯೆ ನಮಗೆ ಹೊಸದಲ್ಲ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಖಾಲಿಗೆ ಲೋಹ ಹೊಯ್ಯುವ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ. ಮೇಣವನ್ನು ತೂಗಿ, ಆ ತೂಕದಿಂದ ಲೋಹದ ಪ್ರಮಾಣ ಲೆಕ್ಕ ಹಾಕಬೇಕೆಂಬುದು ಕೂಡ ಅಲ್ಲಿದೆ. ಆದರೆ ನಮ್ಮ ಸ್ಥಪತಿಗಳು ಎರಕದ ಮೇಲೆ ಉಳಿಯಿಂದ ನುಣುಪುಗೊಳಿಸಿ ಮೂರ್ತಿಯ ಮೈಯನ್ನು ಪೂರ್ತಿ ಶಾಂತ ಮಾಡುತ್ತಾರೆ. ರೋದ್ಯಾ ಹಾಗೆ ಮಾಡಿಸಲಿಲ್ಲ. ಮಣ್ಣಿನ ಮೇಲೆ ಅವನ ಹೆಬ್ಬೆರಳು ಒತ್ತಿದ ಕುಳಿ, ಮೆತ್ತಿದ ಉಂಡೆ, ಕಂಚಿನಲ್ಲೂ ಹಾಗೆಯೇ ಇವೆ. ಬೆಳಕು ಅಂಥ ಮೈಯ ಮೇಲೆ ಜಾರುವುದಿಲ್ಲ, ಮುರಿಯುತ್ತದೆ. ಮೋಡ ಸರಿದಾಗ ಯೂಸ್ತಾಶನ ಕೆನ್ನೆ ಒಮ್ಮೆ ಆಳವಾಗುತ್ತದೆ, ಒಮ್ಮೆ ತುಂಬಿಕೊಳ್ಳುತ್ತದೆ. ಕಂಚು ಅಲುಗುವುದಿಲ್ಲ, ಆದರೂ ಉಸಿರಾಡುವ ಹಾಗೆ ಅನಿಸುವುದು ಇದರಿಂದ. ಮಳೆ ಗಾಳಿಗೆ ಮೇಲೆದ್ದ ಕಪ್ಪು, ಹಸಿರು ಬಣ್ಣವೂ ಸೇರಿ ನೆರಿಗೆಗಳ ಆಳ ಇನ್ನಷ್ಟು ಕತ್ತಲಾಗುತ್ತದೆ.

ಭಾರತಕ್ಕೆ ಎಂದೂ ಬರದ ರೋದ್ಯಾ ನಮ್ಮ ಕಂಚನ್ನು ಬಲ್ಲವನಾಗಿದ್ದ. ಮದರಾಸಿನ ವಸ್ತುಸಂಗ್ರಹಾಲಯದ ನಟರಾಜನ ಛಾಯಾಚಿತ್ರಗಳು ಅವನ ಕೈಗೆ ಬಂದವು. 1913ರಲ್ಲಿ ಅವನು ಆ ಮೂರ್ತಿಯ ಬಗ್ಗೆ ಒಂದು ಲೇಖನ ಬರೆದ. ಅದು ಅಚ್ಚಾದದ್ದು ಅವನು ತೀರಿಹೋದ ಮೇಲೆ, 1921ರಲ್ಲಿ, ಭಾರತೀಯ ಕಲೆಯ ವಿದ್ವಾಂಸರಾದ ಆನಂದ ಕುಮಾರಸ್ವಾಮಿಯವರ ಮತ್ತು ಹ್ಯಾವೆಲರ ಬರಹಗಳ ಜೊತೆಗೆ. ಪುರಾಣ ಏನು, ತತ್ತ್ವ ಏನು ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ತುಟಿ, ಕಣ್ಣು, ಕೈ, ಕಾಲು, ಪಕ್ಕದಿಂದ ಕಂಡ ಮುಖ, ಎದುರಿನಿಂದ ಕಂಡ ಮುಖ, ಹೀಗೆ ಅಂಗಾಂಗವಾಗಿ ನೋಡಿದ. ಆಗ ಅವನಿಗೆ ಎಪ್ಪತ್ತು ದಾಟಿತ್ತು. ಬರಿ ಚಿತ್ರ ನೋಡಿ ಅಷ್ಟು ಕಂಡ ಆ ಮುದುಕನ ಕಣ್ಣಿನ ಬಗ್ಗೆ ನನಗೆ ಅಪಾರ ಗೌರವ. ದೇವಸ್ಥಾನದಲ್ಲಿ ನಾವು ಅಂಥದೇ ಮೂರ್ತಿಗೆ ಕೈಮುಗಿಯುತ್ತೇವೆ. ಕೈಮುಗಿದ ಮೇಲೆ ಎತ್ತಿದ ಕಾಲಿನ ಹೆಬ್ಬೆರಳನ್ನೂ ಒಂದು ಗಳಿಗೆ ನೋಡಿದರೆ ಭಕ್ತಿಗೆ ಕೊರತೆಯೇನೂ ಆಗದು.

ಶಿಲ್ಪವನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ಶಿಲ್ಪದ ವಿವರವೇ. ರೋದ್ಯಾ ಎರಡು ಬಗೆ ಯೋಚಿಸಿದ್ದ. ಒಂದೋ ಪೀಠವೇ ಇಲ್ಲದೆ, ಊರಿನ ಹಾಸುಗಲ್ಲುಗಳ ಮೇಲೆ, ಒಬ್ಬರ ಹಿಂದೆ ಒಬ್ಬರು ಎಡ್ವರ್ಡನ ಬಿಡಾರಕ್ಕೆ ಹೊರಟ ಹಾಗೆ ಇರಬೇಕು. ಸಂತೆಗೆ ಬಂದವರು ಅವರನ್ನು ಮೈ ತಾಗಿಸಿಕೊಂಡು ಹೋಗಬೇಕು. ಇಲ್ಲವೇ ಬಹಳ ಎತ್ತರದಲ್ಲಿ, ಆಕಾಶದ ಎದುರಿಗೆ ಇರಬೇಕು. ಊರಿನವರು ಎರಡನ್ನೂ ಬಿಟ್ಟು ನಡುಎತ್ತರದ ಪೀಠ ಕಟ್ಟಿ ಸುತ್ತ ಬೇಲಿ ಹಾಕಿದರು. ಅವನ ಇಷ್ಟದಂತೆ ಶಿಲ್ಪ ಕೆಳಗಿಳಿದು ಪುರಭವನದ ಮುಂದೆ ನಿಂತದ್ದು 1924ರಲ್ಲಿ. ರೋದ್ಯಾ ಆ ವೇಳೆಗೆ ಕಾಲವಾಗಿ ಏಳು ವರ್ಷ.

ಈ ಶಿಲ್ಪದ ಹನ್ನೆರಡು ಮೂಲ ಎರಕಗಳು ಲೋಕದಲ್ಲಿವೆ. ಅದಕ್ಕಿಂತ ಹೆಚ್ಚು ಮಾಡಲು ಫ್ರಾನ್ಸಿನ ಕಾನೂನು ಬಿಡುವುದಿಲ್ಲ. ಒಂದು ಟೋಕಿಯೊದ ಉಯೆನೊದಲ್ಲಿದೆ, ಒಂದು ವಾಷಿಂಗ್ಟನ್ನಿನಲ್ಲಿ, ಒಂದು ಪ್ಯಾರಿಸಿನ ರೋದ್ಯಾ ಸಂಗ್ರಹಾಲಯದಲ್ಲಿ. ನಾನು ಕಣ್ಣಾರೆ ಕಂಡದ್ದು ಲಂಡನ್ನಿನದನ್ನು. ಥೇಮ್ಸ್ ನದಿಯ ಆಲ್ಬರ್ಟ್ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆಯಿದೆ, 2015ರ ನವೆಂಬರಿನಲ್ಲಿ ಅನಾವರಣಗೊಂಡದ್ದು. ಲಂಡನ್ನಿಗೆ ಹೋದ ಕನ್ನಡಿಗರು ಸಾಮಾನ್ಯವಾಗಿ ಅಲ್ಲಿಗೆ ಹೋಗಿ ನಮಸ್ಕರಿಸಿ ಬರುತ್ತಾರೆ. ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿ ಪಾರ್ಲಿಮೆಂಟಿನ ಕಡೆಗೆ ನದಿಯ ಪಕ್ಕದಲ್ಲೇ ನಡೆದರೆ ವಿಕ್ಟೋರಿಯಾ ಟವರ್ ಉದ್ಯಾನ. ಕ್ಯಾಲೆಯ ಆರು ಮಂದಿ ಅಲ್ಲಿದ್ದಾರೆ. ಅವರನ್ನು ಮಣಿಸಲು ಹೊರಟ ದೊರೆಯ ರಾಜಧಾನಿಯಲ್ಲೇ, ಅವನ ದೇಶದ ಸಂಸತ್ತಿನ ಮಗ್ಗುಲಲ್ಲೇ ಈ ಶಿಲ್ಪಕ್ಕೆ ಜಾಗ ಕೊಟ್ಟದ್ದು ಇಂಗ್ಲಿಷರ ದೊಡ್ಡತನವೆಂದೇ ನಾನು ಭಾವಿಸುತ್ತೇನೆ.

ಅದೇ ಸಂಸತ್ತಿನ ಇನ್ನೊಂದು ಅಂಗಳದಲ್ಲಿ ಸಿಂಹಹೃದಯಿ ರಿಚರ್ಡ್ ದೊರೆಯ ಕಂಚಿನ ಪ್ರತಿಮೆ. ಎತ್ತರದ ಪೀಠ, ಮುನ್ನುಗ್ಗುವ ಕುದುರೆ, ಮೇಲೆತ್ತಿದ ಕತ್ತಿ. ಅದನ್ನು ಮಾಡಿದವನು ಕಾರ್ಲೊ ಮಾರೊಕೆಟ್ಟಿ. ನಮ್ಮ ಬೆಂಗಳೂರಿನ ಮಾರ್ಕ್ ಕಬ್ಬನ್ನರ ಕುದುರೆ ಸವಾರಿಯ ಪ್ರತಿಮೆಯೂ ಅವನ ಕೈಯದೇ. ಹೈಕೋರ್ಟಿನ ಮುಂದೆ ದೀರ್ಘಕಾಲ ಇದ್ದು ಈಗ ಕಬ್ಬನ್ ಉದ್ಯಾನದ ಒಳಕ್ಕೆ ಬಂದಿದೆ. ಆ ದಾರಿಯಲ್ಲಿ ದಿನವೂ ಓಡಾಡಿದ ಎಷ್ಟು ಜನರಿಗೆ ಕುದುರೆಯ ಕಾಲುಗಳು ಹೇಗಿವೆ, ಸವಾರ ಲಗಾಮು ಯಾವ ಕೈಯಲ್ಲಿ ಹಿಡಿದಿದ್ದಾನೆ ಎಂಬುದು ನೆನಪಿರುತ್ತದೆ? ನಮ್ಮ ಊರೂರ ವೃತ್ತಗಳಲ್ಲಿ ಪ್ರತಿಮೆಗಳಿವೆ. ಜಯಂತಿಯ ದಿನ ಏಣಿ ಹಾಕಿ ಹಾರ ಹಾಕುತ್ತೇವೆ. ಯಾರ ಪ್ರತಿಮೆ ಎಂಬುದು ಮಗುವಿಗೂ ಗೊತ್ತು. ಯಾರು ಮಾಡಿದ್ದು, ಎಲ್ಲಿ ಎರಕವಾಯಿತು ಎಂದರೆ ಪೀಠದ ಕಲ್ಲಿನ ಮೇಲೆ ಅನಾವರಣ ಮಾಡಿದವರ ಹೆಸರುಗಳ ಸಾಲು ಇರುತ್ತದೆ, ಶಿಲ್ಪಿಯ ಹೆಸರು ಹುಡುಕಬೇಕು. ಇದು ನನ್ನನ್ನು ನೋಯಿಸುತ್ತದೆ. ಮಣ್ಣಿನ ಮುಂದೆ ತಿಂಗಳುಗಟ್ಟಲೆ ನಿಂತು, ಒಂದು ಹೆಗಲಿನ ಇಳಿಜಾರು ಸರಿಯಾಗಲೆಂದು ಒದ್ದಾಡಿದ ಒಬ್ಬ ಮನುಷ್ಯ ಪ್ರತಿಯೊಂದು ಪ್ರತಿಮೆಯ ಹಿಂದೆಯೂ ಇದ್ದಾನೆ.

ಕ್ಯಾಲೆಯವರನ್ನು ರೋದ್ಯಾನ ಮೊದಲ ಬಯಕೆಗೆ ಹತ್ತಿರವಾಗಿ ನೋಡಬೇಕೆನ್ನುವವರಿಗೆ ಒಂದು ಜಾಗ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಈ ಆರು ಜನರ ಬಿಡಿ ಎರಕಗಳಿವೆ. ಪೀಠವಿಲ್ಲ. ಅವರು ನೆಲದ ಮೇಲೆ ಒಬ್ಬೊಬ್ಬರಾಗಿ ನಿಂತಿದ್ದಾರೆ. ಅವರ ನಡುವೆ ನಡೆದು ಹೋಗಬಹುದು. ಆ ಸೀಮೆಯಲ್ಲಿ ಸಾವಿರಾರು ಕನ್ನಡ ಕುಟುಂಬಗಳಿವೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕರೆದುಕೊಂಡು ಹೋಗಿ. ನೆತ್ತಿಯ ಬಿಸಿಲಿನಲ್ಲಿ ಬೇಡ, ಬೆಳಗ್ಗೆಯೋ ಇಳಿಹೊತ್ತಿನಲ್ಲೋ ಹೋಗಿ. ಓರೆಬೆಳಕು ಬಿದ್ದಾಗ ನೆರಿಗೆಗಳು ಬಾಯಿಬಿಡುತ್ತವೆ. ಮುಖದಿಂದ ಶುರು ಮಾಡಬೇಡಿ. ಪಾದದಿಂದ ಶುರು ಮಾಡಿ ಮೊಣಕಾಲು, ಕೈ, ಹಗ್ಗ ಎಂದು ಮೇಲೇರಿ, ಮುಖಕ್ಕೆ ಕೊನೆಗೆ ಬನ್ನಿ. ಪ್ರತಿಯೊಬ್ಬನ ಬೆನ್ನ ಹಿಂದೆಯೂ ಹೋಗಿ. ಮಕ್ಕಳು ಜೊತೆಗಿದ್ದರೆ ಪಿಯೇರನ ಹಾಗೆ ಕೈ ಎತ್ತಿ ನಿಲ್ಲಲು ಹೇಳಿ. ಆ ಕೈ ಏನು ಹೇಳುತ್ತಿದೆಯೆಂದು ಅವರನ್ನೇ ಕೇಳಿ.